ಫೋನ್ ಕಟ್ ಮಾಡಿ, ತಿರುಗಿ ನೀವೇ ಹಚ್ಚಿ: ಕರೆ, ಮೆಸೇಜ್, ಇಮೇಲ್ ಮೋಸದಿಂದ ರೊಕ್ಕ ಉಳಿಸಿಕೊಳ್ಳುವುದು ಹೇಗೆ

“ಇಂಥದೊಂದು ಮೆಸೇಜ್ ಬಂದಿದೆ, ನಿಜಾನಾ ಸುಳ್ಳಾ ಒಂಚೂರು ನೋಡಿ ಹೇಳಿ.” ಬಳ್ಳಾರಿ ಕಡೆಯ ಓದುಗರು ನನಗೆ ಜಾಸ್ತಿ ಕೇಳುವ ಪ್ರಶ್ನೆ ಇದು. ಸಿರುಗುಪ್ಪದ ಭತ್ತದ ರೈತರು ಕೇಳುತ್ತಾರೆ. ನಗರದಲ್ಲಿ ಜೀನ್ಸ್ ಹೊಲಿಸುವವರು ಕೇಳುತ್ತಾರೆ. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ, ಊರಲ್ಲಿ ಒಂದು ಸ್ಮಾರ್ಟ್‌ಫೋನ್ ಹಿಡಿದುಕೊಂಡು ಒಬ್ಬರೇ ಇರುವ ಹಿರಿಯರು ಎಲ್ಲರಿಗಿಂತ ಜಾಸ್ತಿ ಕೇಳುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಂತ ಹಂತವಾಗಿ ಬರೆದಿದ್ದೇನೆ.

ಶುರು ಮಾಡುವ ಮುಂಚೆ ಒಂದು ಮಾತು. ಮೋಸ ಹೋದವರನ್ನು ದಡ್ಡರು ಎಂದುಕೊಳ್ಳಬೇಡಿ. ಮೇಷ್ಟ್ರು, ಡಾಕ್ಟರು, ಎಂಜಿನಿಯರುಗಳೂ ಕಳೆದುಕೊಂಡಿದ್ದಾರೆ. ಆ ಕಡೆ ಮಾತಾಡುವವರಿಗೆ ಅದೇ ಕಸುಬು. ಅವರಿಗೆ ಬೇಕಾಗಿರುವುದು ನಮ್ಮ ಗಡಿಬಿಡಿ. ಹೆದರಿಸಿಯೋ ಆಸೆ ತೋರಿಸಿಯೋ ನಮ್ಮನ್ನು ಹತ್ತು ನಿಮಿಷ ಫೋನಿಗೆ ಕಟ್ಟಿಹಾಕಿದರೆ ಅವರ ಕೆಲಸ ಮುಗಿಯಿತು. ಹಾಗಾಗಿ ಕೆಳಗೆ ಬರುವ ಎಲ್ಲ ಹಂತಗಳ ಬುಡದಲ್ಲಿ ಇರುವುದು ಒಂದೇ ಅಭ್ಯಾಸ: ಬಂದ ಕರೆಯನ್ನು ಕಟ್ ಮಾಡಿ, ನಿಮಗೆ ಗೊತ್ತಿರುವ ನಂಬರಿಗೆ ತಿರುಗಿ ನೀವೇ ಹಚ್ಚುವುದು.

ಇದಕ್ಕೆ ಬೇಕಾದದ್ದು ಜಾಸ್ತಿ ಇಲ್ಲ. ನಿಮ್ಮ ಫೋನ್, ಬ್ಯಾಂಕ್ ಪಾಸ್‌ಬುಕ್, ಎಟಿಎಂ ಕಾರ್ಡ್, ಒಂದು ದಪ್ಪ ಹಾಳೆ, ಪೆನ್ನು, ಬಿಡುವಾದ ಒಂದು ಗಂಟೆ. ಫೋನಿನ ಸೆಟ್ಟಿಂಗ್ಸ್ ನಿಮಗೆ ಕಷ್ಟ ಅನಿಸಿದರೆ ಮನೆಯ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಪಿನ್ ಒತ್ತುವಾಗ ಮಾತ್ರ ಫೋನ್ ನಿಮ್ಮ ಕೈಯಲ್ಲೇ ಇರಲಿ.

ಹಂತ 1: ನಂಬರುಗಳನ್ನು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ

ಮೊದಲ ನಂಬರು 1930. ಸೈಬರ್ ಮೋಸದ ದೂರು ಕೊಡಲು ಇಡೀ ದೇಶಕ್ಕೆ ಇರುವ ಸಹಾಯವಾಣಿ ಇದು. ಎರಡನೆಯದು ನಿಮ್ಮ ಬ್ಯಾಂಕಿನ ಸಹಾಯವಾಣಿ. ಅದನ್ನು ಎಟಿಎಂ ಕಾರ್ಡಿನ ಹಿಂಬದಿಯಿಂದ ಅಥವಾ ಪಾಸ್‌ಬುಕ್‌ನಿಂದ ನೋಡಿ ಬರೆದುಕೊಳ್ಳಿ. ಮೂರನೆಯದು ನಿಮ್ಮ ಶಾಖೆಯ ನಂಬರು. ಕರೆಂಟಿನ ವಿಷಯಕ್ಕೆ 1912, ಆಧಾರ್ ವಿಷಯಕ್ಕೆ 1947. ಕೊನೆಗೆ, ಗಾಬರಿಯಾದಾಗ ನೀವು ಫೋನ್ ಹಚ್ಚಬಹುದಾದ ಮನೆಯ ಒಬ್ಬರ ನಂಬರು.

ಗೋಡೆಗೆ ಯಾಕೆ ಅಂದರೆ, ಫೋನೇ ಕೈಕೊಟ್ಟಾಗ ಫೋನಿನಲ್ಲಿರುವ ನಂಬರು ಉಪಯೋಗಕ್ಕೆ ಬರಲ್ಲ.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ಗ್ಯಾಸ್ ಬುಕ್ ಆಗಲಿಲ್ಲ, ರೊಕ್ಕ ಕಟ್ ಆಯಿತು, ಸಾಮಾನು ಬರಲಿಲ್ಲ. ಕೂಡಲೇ ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕುತ್ತೇವೆ. ಮೋಸಗಾರರು ತಮ್ಮ ನಂಬರುಗಳನ್ನು ಅಲ್ಲೇ ಹಾಕಿ ಕಾಯುತ್ತಿರುತ್ತಾರೆ. ನಾವಾಗಿಯೇ ಅವರಿಗೆ ಫೋನ್ ಹಚ್ಚಿದಂತಾಗುತ್ತದೆ. ನಂಬರು ಬೇಕಾದರೆ ಬಿಲ್ಲಿನ ಮೇಲೆ, ಕಾರ್ಡಿನ ಹಿಂದೆ ಅಥವಾ ಆ ಕಂಪನಿಯ ಆ್ಯಪಿನ ಒಳಗೆ ನೋಡಿ.

ಹಂತ 2: ಫೋನಿಗೆ ಚಿಲಕ ಹಾಕಿ

ಮೊದಲು ‘ಅನ್‌ನೋನ್ ಆ್ಯಪ್ಸ್’ ಎನ್ನುವ ಸೆಟ್ಟಿಂಗ್. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ. ಅಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದಕ್ಕೂ ಅನುಮತಿ ಬಂದ್ ಮಾಡಿ. ಪ್ಲೇ ಸ್ಟೋರ್ ಬಿಟ್ಟು ಬೇರೆ ದಾರಿಯಿಂದ ಯಾವ ಆ್ಯಪೂ ಒಳಗೆ ಬರದಂತೆ ತಡೆಯುವ ಚಿಲಕ ಇದು. ಇದು ಎಷ್ಟು ಮುಖ್ಯ ಎನ್ನುವುದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್, ಟು-ಸ್ಟೆಪ್ ವೆರಿಫಿಕೇಶನ್‌ಗೆ ಹೋಗಿ ಆರು ಅಂಕಿಯ ಪಿನ್ ಇಡಿ. ಇಮೇಲ್‌ಗೂ ಎರಡು ಹಂತದ ಬೀಗ ಹಾಕಿ. ನಿಮ್ಮ ಇಮೇಲ್ ಬೇರೆಯವರ ಕೈಗೆ ಸಿಕ್ಕರೆ ಉಳಿದ ಪಾಸ್‌ವರ್ಡುಗಳನ್ನು ಅದರ ಮೂಲಕವೇ ಬದಲಾಯಿಸಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು, ಕಾಲ್ ಫಾರ್ವರ್ಡಿಂಗ್. ಅಂದರೆ ನಿಮಗೆ ಬರುವ ಕರೆ ಬೇರೆ ನಂಬರಿಗೆ ತಿರುಗುವ ವ್ಯವಸ್ಥೆ. ಕೊರಿಯರ್ ಹುಡುಗ ಎಂದು ಹೇಳಿಕೊಂಡು ‘ಸ್ಟಾರ್ 21 ಒತ್ತಿ’, ‘ಸ್ಟಾರ್ 401 ಒತ್ತಿ, ಮುಂದೆ ಈ ನಂಬರು ಹಾಕಿ’ ಎಂದು ಹೇಳುವವರು ಇದಕ್ಕೇ ಹೊಂಚು ಹಾಕುತ್ತಾರೆ. ಕರೆಯ ಮೂಲಕ ಬರುವ ಒಟಿಪಿ ಅವರ ಕಿವಿಗೆ ಬೀಳುತ್ತದೆ. ಒಟಿಪಿ ಎಂದರೆ ಒಂದು ಸಲಕ್ಕೆ ಮಾತ್ರ ನಡೆಯುವ ಗುಟ್ಟಿನ ಅಂಕಿ. ನಿಮ್ಮ ಫೋನಿನಲ್ಲಿ *#21# ಒತ್ತಿ ಡಯಲ್ ಮಾಡಿದರೆ ಫಾರ್ವರ್ಡ್ ಆಗಿದೆಯಾ ಇಲ್ಲವಾ ಎಂದು ತೋರಿಸುತ್ತದೆ. ಆಗಿದ್ದರೆ ##002# ಒತ್ತಿ ಎಲ್ಲವನ್ನೂ ರದ್ದು ಮಾಡಿ.

‘ಸಂಚಾರ್ ಸಾಥಿ’ ಎನ್ನುವ ಸರ್ಕಾರಿ ವೆಬ್‌ಸೈಟ್ ಮತ್ತು ಆ್ಯಪ್ ಇದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಅಲ್ಲಿ ನೋಡಬಹುದು. ನೀವು ತೆಗೆದುಕೊಳ್ಳದ ಸಿಮ್ ಕಂಡರೆ ಅಲ್ಲೇ ‘ಇದು ನನ್ನದಲ್ಲ’ ಎಂದು ತಿಳಿಸಿ. ಅದರಲ್ಲೇ ‘ಚಕ್ಷು’ ಎನ್ನುವ ಭಾಗದಲ್ಲಿ ಅನುಮಾನ ಬಂದ ಕರೆ, ಮೆಸೇಜುಗಳ ಬಗ್ಗೆ ದೂರು ಹಾಕಬಹುದು. ರೊಕ್ಕ ಹೋಗಿದ್ದರೆ ಮಾತ್ರ ಚಕ್ಷುವಿನಲ್ಲಿ ಹೊತ್ತು ಕಳೆಯಬೇಡಿ, ನೇರ 1930.

ಹಂತ 3: ಖಾತೆಗೆ ಬೇಲಿ ಹಾಕಿ

ಯುಪಿಐ, ಅಂದರೆ ಫೋನ್‌ಪೇ, ಗೂಗಲ್ ಪೇ ಮುಂತಾದವುಗಳಿಗೆ ಒಂದು ಸಣ್ಣ ಖಾತೆ ಬೇರೆ ಇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಭತ್ತ ಮಾರಿದ ರೊಕ್ಕ, ಮಗಳ ಮದುವೆಗೆ ಕೂಡಿಟ್ಟದ್ದು, ನಿವೃತ್ತಿಯ ಗಂಟು, ಇವೆಲ್ಲ ಯುಪಿಐಗೆ ಜೋಡಿಸದ ಖಾತೆಯಲ್ಲಿರಲಿ. ಫೋನಿಗೆ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟು ಇದ್ದರೆ ಸಾಕು. ಎಷ್ಟೇ ಎಚ್ಚರ ಇದ್ದರೂ ಒಂದು ದಿನ ತಪ್ಪಾಗಬಹುದು. ಆ ದಿನ ಹೋಗುವುದು 3,000 ಆಗುತ್ತದಾ 3 ಲಕ್ಷ ಆಗುತ್ತದಾ ಎನ್ನುವುದು ಈ ಒಂದು ಏರ್ಪಾಟಿನ ಮೇಲೆ ನಿಂತಿದೆ.

ಎಟಿಎಂ ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಎರಡನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಬಂದ್ ಮಾಡಬಹುದು. ಬೇಕಾದಾಗ ಚಾಲೂ ಮಾಡಿದರಾಯಿತು. ಆ್ಯಪ್ ಇಲ್ಲದಿದ್ದರೆ ಶಾಖೆಯಲ್ಲಿ ಹೇಳಿ ಮಾಡಿಸಿ. ಖಾತೆಗೆ ಎಸ್‌ಎಂಎಸ್ ಬರುತ್ತಿದೆಯಾ, ಈಗ ಬಳಸುವ ನಂಬರೇ ಜೋಡಣೆ ಆಗಿದೆಯಾ ಎಂದೂ ನೋಡಿಕೊಳ್ಳಿ. ಹಳೆಯ ಸಿಮ್ ಬಿಟ್ಟು ಹೊಸದು ತೆಗೆದುಕೊಂಡು, ಬ್ಯಾಂಕಿಗೆ ಹೇಳದೆ ಉಳಿದವರು ನಮ್ಮಲ್ಲಿ ಬಹಳ.

ಹೆಬ್ಬೆಟ್ಟಿನ ವಿಷಯಕ್ಕೆ ಬರೋಣ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಆಧಾರ್ ನಂಬರು ಕೊಟ್ಟು ಹೆಬ್ಬೆಟ್ಟು ಒತ್ತಿ ರೊಕ್ಕ ತೆಗೆಯುತ್ತೇವಲ್ಲ, ಆ ವ್ಯವಸ್ಥೆಗೆ ಎಇಪಿಎಸ್ ಎನ್ನುತ್ತಾರೆ. ಇದಕ್ಕೆ ಒಟಿಪಿ ಬೇಕಿಲ್ಲ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಖಾತೆಯಿಂದ ರೊಕ್ಕ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಇದನ್ನು ತಡೆಯಲು ಆಧಾರ್‌ನ ಸರ್ಕಾರಿ ಆ್ಯಪ್ ಅಥವಾ ಮೈ ಆಧಾರ್ ವೆಬ್‌ಸೈಟ್‌ನಲ್ಲಿ ‘ಬಯೋಮೆಟ್ರಿಕ್ ಲಾಕ್’ ಮಾಡಬಹುದು.

ಆದರೆ ಲಾಕ್ ಮಾಡಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲೂ ನಿಮ್ಮ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ರೇಷನ್ ತರುವ ದಿನ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿಕೊಂಡು ಹೋಗಬೇಕು. ಇದು ಗೊತ್ತಿಲ್ಲದೆ ಲಾಕ್ ಮಾಡಿ, ಆಮೇಲೆ ರೇಷನ್ ಸಿಗದೆ ತಿರುಗಾಡಬೇಡಿ. ಮನೆಯಲ್ಲಿ ಬೇರೆಯವರು ಹೆಬ್ಬೆಟ್ಟು ಕೊಡುವಂತಿದ್ದರೆ ಹಿರಿಯರದ್ದು ಲಾಕ್ ಆಗಿಯೇ ಇರಲಿ. ಬ್ಯಾಂಕ್ ಮಿತ್ರರು “ಸರ್ವರ್ ಹೋಯಿತು, ಇನ್ನೊಮ್ಮೆ ಒತ್ತಿ” ಎಂದರೆ ಮೊದಲ ಸಲದ್ದು ನಿಜವಾಗಿ ಫೇಲ್ ಆಯಿತಾ ಎಂದು ರಸೀದಿ ಕೇಳಿ.

ಹಂತ 4: ಕರೆ ಬಂದಾಗ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ರೊಕ್ಕ, ಖಾತೆ, ಕೇಸು, ಕರೆಂಟು, ಸಿಮ್, ಪಾರ್ಸೆಲ್, ಸರ್ಕಾರಿ ಯೋಜನೆ, ಯಾವುದೇ ಹೆಸರಿನಲ್ಲಿ ಗೊತ್ತಿಲ್ಲದವರು ಫೋನ್ ಹಚ್ಚಿದರೂ ನೀವು ಮಾಡಬೇಕಾದ ಕೆಲಸ ಎರಡೇ. ಕಟ್ ಮಾಡಿ. ಹಾಳೆಯ ಮೇಲಿರುವ ನಂಬರಿಗೆ ನೀವೇ ಹಚ್ಚಿ ಕೇಳಿ. ಕರೆ ನಿಜವಾಗಿದ್ದರೆ ಐದು ನಿಮಿಷ ತಡವಾಗುವುದರಿಂದ ನಿಮಗೆ ಏನೂ ನಷ್ಟ ಇಲ್ಲ. “ಕಟ್ ಮಾಡಬೇಡಿ, ಕಟ್ ಮಾಡಿದರೆ ಖಾತೆ ಬಂದ್ ಆಗುತ್ತದೆ” ಎಂದು ಆ ಕಡೆಯವರು ಹೇಳಿದರೆ ಬೇರೆ ಸಾಕ್ಷಿ ಬೇಕಿಲ್ಲ, ಅದು ಮೋಸವೇ.

ನಮ್ಮ ಭಾಗದಲ್ಲಿ ಯಾವ ಯಾವ ಹೆಸರು ಹೇಳಿಕೊಂಡು ಬರುತ್ತಾರೆ ನೋಡಿ.

ಬ್ಯಾಂಕಿನ ಹೆಸರು. “ಕೆವೈಸಿ ಅವಧಿ ಮುಗಿದಿದೆ, ಇವತ್ತೇ ಮಾಡಿಸದಿದ್ದರೆ ಖಾತೆ ಬಂದ್.” ಕೆವೈಸಿ ಎಂದರೆ ನೀವು ಯಾರು, ಎಲ್ಲಿರುತ್ತೀರಿ ಎನ್ನುವ ದಾಖಲೆ ಬ್ಯಾಂಕಿಗೆ ಕೊಡುವುದು. ಅದನ್ನು ಶಾಖೆಗೆ ಹೋಗಿ ಮಾಡಿಸಿ. ಬಳ್ಳಾರಿಯಲ್ಲೇ ಪ್ರಧಾನ ಕಚೇರಿ ಇರುವ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕಿನ ಜತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಇಂಥ ಬದಲಾವಣೆಯ ಹೆಸರು ಹೇಳಿ “ಹೊಸ ಖಾತೆ ನಂಬರು ಕೊಡುತ್ತೇವೆ, ಒಟಿಪಿ ಹೇಳಿ” ಎಂದು ಯಾರಾದರೂ ಕೇಳಿದರೆ ಹೇಳಬೇಡಿ. ಪಾಸ್‌ಬುಕ್ ಹಿಡಿದು ಶಾಖೆಗೆ ನಡೆಯಿರಿ. ಬ್ಯಾಂಕುಗಳು ಗ್ರಾಹಕರ ಸೇವೆಯ ಕರೆಗಳಿಗೆ 1600ರಿಂದ ಶುರುವಾಗುವ ನಂಬರು ಬಳಸಬೇಕು, ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವುದನ್ನು ಬಳಸಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಹತ್ತು ಅಂಕಿಯ ಸಾದಾ ಮೊಬೈಲಿನಿಂದ ‘ಹೆಡ್ ಆಫೀಸ್’ ಎಂದು ಬಂದರೆ ಅಲ್ಲೇ ಅನುಮಾನ ಪಡಿ. 1600ರಿಂದ ಬಂದಿದ್ದರೂ ಒಟಿಪಿ, ಪಿನ್, ಕಾರ್ಡಿನ ಹಿಂದಿರುವ ಮೂರು ಅಂಕಿ ಯಾರಿಗೂ ಹೇಳುವಂತಿಲ್ಲ.

ಕರೆಂಟಿನ ಹೆಸರು. “ಬಿಲ್ ಕಟ್ಟಿಲ್ಲ, ರಾತ್ರಿ ಒಂಬತ್ತೂವರೆಗೆ ಲೈನ್ ಕಟ್ ಮಾಡುತ್ತೇವೆ.” ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರೂ ಇದನ್ನು ಕೇಳಿ ಗಾಬರಿಯಾಗುತ್ತಾರೆ. ಮನೆಯಲ್ಲಿರುವ ಕೊನೆಯ ಬಿಲ್ ತೆಗೆದು ನೋಡಿ. ಅನುಮಾನ ಉಳಿದರೆ ಜೆಸ್ಕಾಂನ 1912ಕ್ಕೆ ಹಚ್ಚಿ, ಇಲ್ಲವೇ ನಿಮ್ಮ ಲೈನ್‌ಮನ್‌ನ ಕೇಳಿ.

ಯೋಜನೆಯ ಹೆಸರು. “ಗೃಹಲಕ್ಷ್ಮಿಯ 2,000 ನಿಂತಿದೆ”, “ಪಿಎಂ ಕಿಸಾನ್ ಕಂತು ಬಂದಿಲ್ಲ, ಈಗಲೇ ಹಾಕುತ್ತೇವೆ” ಎಂದು ಹೇಳಿ ಒಟಿಪಿ ಕೇಳುತ್ತಾರೆ. ತಾಯಂದಿರು ಇಲ್ಲಿ ಜಾಸ್ತಿ ಸಿಕ್ಕಿಬೀಳುತ್ತಾರೆ. ಕಂತು ನಿಜವಾಗಿಯೂ ತಡವಾಗಿರುತ್ತದೆ, ಅದಕ್ಕೇ ಮಾತು ನಂಬಬೇಕು ಅನಿಸುತ್ತದೆ. ಗೃಹಲಕ್ಷ್ಮಿ ಬಗ್ಗೆ ಅಂಗನವಾಡಿಯಲ್ಲಿ, ಸಿಡಿಪಿಒ ಕಚೇರಿಯಲ್ಲಿ ಅಥವಾ ಗ್ರಾಮ ಒನ್‌ನಲ್ಲಿ ವಿಚಾರಿಸಿ. ಪಿಎಂ ಕಿಸಾನ್ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಯೋಜನೆಯ ರೊಕ್ಕ ಖಾತೆಗೆ ಬೀಳಲು ಫೋನಿನಲ್ಲಿ ಒಟಿಪಿ ಹೇಳುವ ಕೆಲಸವೇ ಇಲ್ಲ.

ಪೊಲೀಸರ ಹೆಸರು. ಇದಕ್ಕೆ ‘ಡಿಜಿಟಲ್ ಅರೆಸ್ಟ್’ ಎಂದು ಹೆಸರಾಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಜೀವಮಾನದ ಗಳಿಕೆ ಒಂದೇ ಏಟಿಗೆ ಹೋಗುವುದು ಇಲ್ಲೇ. ಮೊದಲು ಕೊರಿಯರ್ ಕಡೆಯಿಂದ ಅಥವಾ ಟೆಲಿಕಾಂ ಇಲಾಖೆಯಿಂದ ಎಂದು ಕರೆ ಬರುತ್ತದೆ. “ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ”, “ನಿಮ್ಮ ಆಧಾರ್‌ನಿಂದ ತೆಗೆದ ಸಿಮ್‌ನಿಂದ ಅಪರಾಧ ನಡೆದಿದೆ.” ಆಮೇಲೆ ಕರೆಯನ್ನು ‘ಮುಂಬೈ ಪೊಲೀಸ್’ ಅಥವಾ ‘ಸಿಬಿಐ’ಗೆ ದಾಟಿಸುತ್ತಾರೆ. ವಿಡಿಯೊ ಕರೆಯಲ್ಲಿ ಖಾಕಿ ಹಾಕಿದವರು ಕೂತಿರುತ್ತಾರೆ. ಹಿಂದೆ ಲಾಂಛನ, ಮುಂದೆ ಫೈಲು. ಸೀಲು ಇರುವ ಕಾಗದವನ್ನು ವಾಟ್ಸಾಪ್‌ಗೆ ಕಳಿಸುತ್ತಾರೆ. “ಕ್ಯಾಮೆರಾ ಮುಂದಿನಿಂದ ಏಳಬೇಡಿ. ಮನೆಯವರಿಗೆ ಹೇಳಿದರೆ ಅವರನ್ನೂ ಕೇಸಿಗೆ ಸೇರಿಸುತ್ತೇವೆ.” ಕೊನೆಗೆ, “ನಿಮ್ಮ ರೊಕ್ಕ ಶುದ್ಧವಾ ಎಂದು ಪರಿಶೀಲಿಸಬೇಕು, ಈ ಖಾತೆಗೆ ಹಾಕಿ, ಎರಡು ದಿನದಲ್ಲಿ ವಾಪಸ್.”

ನಮ್ಮ ದೇಶದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎನ್ನುವುದು ಇಲ್ಲ. 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದನ್ನು ಹೇಳಿದ್ದಾರೆ. ಹಾಜರಾಗಲು ಹೇಳುವ ಪೊಲೀಸ್ ನೋಟಿಸನ್ನು ವಾಟ್ಸಾಪ್‌ನಲ್ಲಿ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ತನಿಖೆಗಾಗಿ ಖಾತೆಗೆ ರೊಕ್ಕ ಹಾಕಿಸಿಕೊಳ್ಳುವ ಪೊಲೀಸರು, ಕೋರ್ಟು ಎಲ್ಲೂ ಇಲ್ಲ. ಇಂಥ ಕರೆ ಬಂದರೆ ಕಟ್ ಮಾಡಿ, ಪಕ್ಕದ ಮನೆಯವರನ್ನು ಕರೆಯಿರಿ, ಜೋರಾಗಿ ವಿಷಯ ಹೇಳಿ. ಗುಟ್ಟಾಗಿ ಇಡಿ ಎಂದವರ ಮಾತನ್ನು ನಾಲ್ಕು ಜನರ ಮುಂದೆ ಹೇಳಿದ ಕೂಡಲೇ ಅರ್ಧ ಹೆದರಿಕೆ ಇಳಿಯುತ್ತದೆ.

ಮನೆಯವರ ಹೆಸರು. “ಅಪ್ಪಾ, ಆಕ್ಸಿಡೆಂಟ್ ಆಗಿದೆ, ಈ ನಂಬರಿಗೆ ರೊಕ್ಕ ಹಾಕು.” ಧ್ವನಿಯನ್ನೂ ಈಗ ಕಂಪ್ಯೂಟರ್‌ನಲ್ಲಿ ನಕಲು ಮಾಡುತ್ತಾರೆ. ಮಕ್ಕಳು ಊರು ಬಿಟ್ಟಿರುವ ಮನೆಗಳಲ್ಲಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಮನೆಯ ಹಳೇ ಎತ್ತಿನ ಹೆಸರಾದರೂ ಆಗಬಹುದು. ಮುಂದಿನ ಸಲ ಹಬ್ಬಕ್ಕೆ ಎಲ್ಲರೂ ಸೇರಿದಾಗ ಇದನ್ನು ಮಾತಾಡಿ ಮುಗಿಸಿ. ಫೋನ್ ಹಚ್ಚಿದವರಿಗೆ ಆ ಗುಟ್ಟಿನ ಮಾತು ಹೇಳಲು ಬರದಿದ್ದರೆ ಕಟ್ ಮಾಡಿ, ಮಗನ ಹಳೆಯ ನಂಬರಿಗೆ ಹಚ್ಚಿ. ಅವನು ಎತ್ತದಿದ್ದರೆ ಅವನ ಜತೆ ಇರುವವರಿಗೆ ಹಚ್ಚಿ.

ಹಂತ 5: ಮೆಸೇಜ್ ಬಂದಾಗ

ಮೊದಲು ಕಳಿಸಿದವರ ಹೆಸರು ನೋಡಿ. ಬ್ಯಾಂಕು, ಸರ್ಕಾರದ ಎಸ್‌ಎಂಎಸ್ ಸಾದಾ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಣ್ಣ ಹೆಸರು ಇರುತ್ತದೆ, ಕೊನೆಗೆ ಒಂದು ಗೆರೆ, ಆಮೇಲೆ ಒಂದು ಅಕ್ಷರ. ಪಿ ಇದ್ದರೆ ಪ್ರಚಾರ, ಎಸ್ ಇದ್ದರೆ ಸೇವೆ, ಟಿ ಇದ್ದರೆ ವ್ಯವಹಾರ, ಜಿ ಇದ್ದರೆ ಸರ್ಕಾರ. ‘ಖಾತೆ ಬಂದ್’ ಎನ್ನುವ ಮೆಸೇಜ್ ಹತ್ತು ಅಂಕಿಯ ನಂಬರಿನಿಂದ ಬಂದಿದ್ದರೆ ಓದುವುದೂ ಬೇಡ, ಅಳಿಸಿ.

ಲಿಂಕ್, ಅಂದರೆ ಒತ್ತಿದರೆ ಬೇರೆ ಪುಟಕ್ಕೆ ಹೋಗುವ ನೀಲಿ ಅಕ್ಷರ, ಮೆಸೇಜ್‌ನಲ್ಲಿ ಬಂದದ್ದನ್ನು ಒತ್ತಬೇಡಿ. ಬ್ಯಾಂಕಿನ ಕೆಲಸ ಇದ್ದರೆ ಬ್ಯಾಂಕಿನ ಆ್ಯಪ್ ನೀವೇ ತೆರೆಯಿರಿ. ಬ್ಯಾಂಕುಗಳ ವೆಬ್‌ಸೈಟ್ ವಿಳಾಸ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವಂತೆ ಬದಲಾಗಬೇಕು ಎಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ವಿಳಾಸದ ಕೊನೆಯ ಭಾಗವನ್ನು ನೋಡುವ ರೂಢಿ ಮಾಡಿಕೊಳ್ಳಿ.

ಈಗ ಎಪಿಕೆ. ನಮ್ಮ ಕಡೆ ವಾಟ್ಸಾಪ್ ಗುಂಪುಗಳಲ್ಲಿ ಹರಡುವ ದೊಡ್ಡ ಕಾಟ ಇದೇ. ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪಿನ ಫೈಲ್. ‘ಮದುವೆ ಆಮಂತ್ರಣ’, ‘ಪಿಎಂ ಕಿಸಾನ್’, ‘ಟ್ರಾಫಿಕ್ ಚಲನ್’, ಬ್ಯಾಂಕಿನ ಹೆಸರು, ಏನು ಬೇಕಾದರೂ ಇರಬಹುದು, ಕೊನೆಗೆ ಡಾಟ್ ಎಪಿಕೆ ಎಂದಿರುತ್ತದೆ. ನಿಜವಾದ ಮದುವೆ ಪತ್ರಿಕೆ ಫೋಟೊ, ಪಿಡಿಎಫ್ ಅಥವಾ ವಿಡಿಯೊ ಆಗಿರುತ್ತದೆ, ಆ್ಯಪ್ ಆಗಿರುವುದಿಲ್ಲ. ಅದನ್ನು ಇನ್‌ಸ್ಟಾಲ್ ಮಾಡಿ ಕೇಳಿದ ಅನುಮತಿ ಕೊಟ್ಟರೆ ನಿಮ್ಮ ಮೆಸೇಜುಗಳನ್ನು ಅದು ಓದಿ ಆ ಕಡೆಗೆ ಕಳಿಸುತ್ತದೆ. ಆಮೇಲೆ ಒಟಿಪಿ ಯಾರೂ ನಿಮ್ಮನ್ನು ಕೇಳುವುದೇ ಇಲ್ಲ. ನಿಮ್ಮ ನಂಬರಿನಿಂದಲೇ ಅದೇ ಫೈಲ್ ನಿಮ್ಮ ಬೀಗರಿಗೂ, ಗೆಳೆಯರಿಗೂ ಹೋಗುತ್ತದೆ. “ಗೊತ್ತಿರುವವರೇ ಕಳಿಸಿದ್ದಲ್ವಾ” ಎಂದು ಎಲ್ಲರೂ ಒತ್ತುವುದು ಅದಕ್ಕೇ. ಗೊತ್ತಿರುವವರಿಂದ ಬಂದರೂ ಒಮ್ಮೆ ಅವರಿಗೆ ಫೋನ್ ಹಚ್ಚಿ ಕೇಳಿ.

ಆಗಲೇ ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ ಮೊಬೈಲ್ ಡೇಟಾ, ವೈಫೈ ಎರಡನ್ನೂ ಕೂಡಲೇ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹಚ್ಚಿ ಯುಪಿಐ, ನೆಟ್ ಬ್ಯಾಂಕಿಂಗ್ ತಡೆಯಿಸಿ. ಆಮೇಲೆ ಆ ಆ್ಯಪ್ ತೆಗೆಯಿರಿ. ತೆಗೆಯಲು ಬಾರದಿದ್ದರೆ ಫೋನನ್ನು ಪೂರ್ತಿ ರೀಸೆಟ್ ಮಾಡಿಸಬೇಕಾಗುತ್ತದೆ. ಪಾಸ್‌ವರ್ಡ್, ಪಿನ್‌ಗಳನ್ನು ಅದೇ ಫೋನಿನಲ್ಲಿ ಬದಲಾಯಿಸಬೇಡಿ, ಹೊಸದೂ ಅವರ ಕೈಗೆ ಹೋಗುತ್ತದೆ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಪರದೆ ತೋರಿಸುವ ಆ್ಯಪುಗಳನ್ನು ಅಪರಿಚಿತರು ಹಾಕಿಸಿದ್ದರೂ ಇದೇ ಕ್ರಮ.

ಅಂಗಡಿಯವರಿಗೆ ಎರಡು ಮಾತು. “ನಿಮಗೆ 500 ಹಾಕುವ ಬದಲು 5,000 ಬಂದುಬಿಟ್ಟಿದೆ, ಉಳಿದದ್ದು ವಾಪಸ್ ಹಾಕಿ” ಎಂದು ಫೋನ್ ಬರುತ್ತದೆ. ಮೊದಲೇ ಒಂದು ‘ಕ್ರೆಡಿಟ್ ಆಗಿದೆ’ ಮೆಸೇಜ್ ಬಂದಿರುತ್ತದೆ. ಆ ಮೆಸೇಜ್ ಅವರೇ ಟೈಪ್ ಮಾಡಿದ್ದು. ಮೆಸೇಜ್ ನಂಬಬೇಡಿ, ಖಾತೆಯ ಬಾಕಿ ನೋಡಿ. ನಿಜವಾಗಿ ಬಂದಿದ್ದರೂ ನೀವಾಗಿ ಹಾಕಬೇಡಿ, ಅವರ ಬ್ಯಾಂಕಿನ ಮೂಲಕ ಬರಲು ಹೇಳಿ. ಎರಡನೆಯದು, ರೊಕ್ಕ ತೆಗೆದುಕೊಳ್ಳಲು ಪಿನ್ ಬೇಕಿಲ್ಲ. ಬಾಕಿ ನೋಡುವುದು ಬಿಟ್ಟು ಬೇರೆ ಯಾವುದಕ್ಕೆ ಯುಪಿಐ ಪಿನ್ ಒತ್ತಿದಿರಿ ಎಂದರೂ ನಿಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. “ನಾನು ಮಿಲಿಟರಿಯವನು, ಇಷ್ಟು ಸಾಮಾನು ಬೇಕು, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ರೊಕ್ಕ ಬರುತ್ತದೆ” ಎನ್ನುವುದು ಇದೇ ಆಟ.

ಷೇರು ಟ್ರೇಡಿಂಗ್ ಕಲಿಸುತ್ತೇವೆ ಎನ್ನುವ ವಾಟ್ಸಾಪ್, ಟೆಲಿಗ್ರಾಂ ಗುಂಪಿಗೆ ಯಾರಾದರೂ ಸೇರಿಸಿದರೆ ಹೊರಗೆ ಬನ್ನಿ. ಅಲ್ಲಿ ಲಾಭ ಬಂತು ಎಂದು ಹಾಕುವವರೆಲ್ಲ ಅವರ ಕಡೆಯವರೇ. ವಿಡಿಯೊ ಲೈಕ್ ಮಾಡಿದರೆ ರೊಕ್ಕ ಎನ್ನುವುದೂ ಹಾಗೇ. ಮೊದಲು 150 ಕೊಡುತ್ತಾರೆ, ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ಕೆಲಸ ಕೊಡಿಸುತ್ತೇವೆ, ನೋಂದಣಿ ಶುಲ್ಕ ಕಟ್ಟಿ ಎಂದರೆ ಕಟ್ಟಬೇಡಿ.

ಹಂತ 6: ಇಮೇಲ್ ಬಂದಾಗ

ಮನೆ ಮಂದಿಗಿಂತ ವ್ಯಾಪಾರಸ್ಥರಿಗೆ ಇದು ಜಾಸ್ತಿ ಬೇಕು. ಜೀನ್ಸ್ ಬಟ್ಟೆ ಹೊರಗಿನಿಂದ ತರಿಸುವವರು, ರೈಸ್ ಮಿಲ್ಲಿನವರು, ಹತ್ತಿ, ಮೆಣಸಿನಕಾಯಿ ವ್ಯವಹಾರದವರು ಇನ್‌ವಾಯ್ಸ್‌ಗಳನ್ನು ಇಮೇಲ್‌ನಲ್ಲೇ ಪಡೆಯುತ್ತಾರೆ. ಮೋಸಗಾರರು ಒಬ್ಬರ ಇಮೇಲ್ ಒಳಗೆ ಹೊಕ್ಕು ವಾರಗಟ್ಟಲೆ ಸುಮ್ನೆ ಓದುತ್ತಾ ಕೂರುತ್ತಾರೆ. ದೊಡ್ಡ ಬಿಲ್ ಕಟ್ಟುವ ಹೊತ್ತಿಗೆ ಸರಿಯಾಗಿ, “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲ ಇದಕ್ಕೆ ಹಾಕಿ” ಎಂದು ಬರೆಯುತ್ತಾರೆ. ಭಾಷೆ, ಲೆಟರ್‌ಹೆಡ್, ಬಿಲ್ ನಂಬರು ಎಲ್ಲ ಸರಿಯಾಗಿರುತ್ತದೆ.

ಖಾತೆ ಬದಲಾಗಿದೆ ಎಂದು ಇಮೇಲ್ ಬಂದರೆ ನಿಮಗೆ ಮೊದಲಿನಿಂದ ಗೊತ್ತಿರುವ ನಂಬರಿಗೆ ಹಚ್ಚಿ, ಆ ಪಾರ್ಟಿಯ ಬಾಯಿಂದಲೇ ಕೇಳಿ. ಅದೇ ಇಮೇಲ್‌ಗೆ ಉತ್ತರ ಬರೆದು ಕೇಳಿದರೆ ಉತ್ತರ ಕೊಡುವವರು ಮೋಸಗಾರರೇ. ದೊಡ್ಡ ಮೊತ್ತ ಆದರೆ ಮೊದಲು 1 ರೂಪಾಯಿ ಹಾಕಿ, ಬಂತಾ ಎಂದು ಫೋನಿನಲ್ಲಿ ಕೇಳಿಕೊಳ್ಳಿ. ಲೆಕ್ಕ ಬರೆಯುವ ಹುಡುಗರಿಗೂ ಇದನ್ನು ಕಡ್ಡಾಯ ಮಾಡಿ.

ಕಳಿಸಿದವರ ವಿಳಾಸವನ್ನು ಅಕ್ಷರ ಅಕ್ಷರ ಓದಿ. ಇಂಗ್ಲಿಷಿನ ಸಣ್ಣ ಆರ್ ಮತ್ತು ಎನ್ ಪಕ್ಕಪಕ್ಕ ಬಂದರೆ ಎಂ ಥರ ಕಾಣುತ್ತದೆ. ಸೊನ್ನೆಗೂ ಓ ಅಕ್ಷರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆದಾಯ ತೆರಿಗೆ ವಾಪಸ್, ಲಾಟರಿ, ವಿದೇಶದ ಆಸ್ತಿ ಎಂದು ಬಂದ ಇಮೇಲ್‌ಗಳನ್ನು ತೆರೆಯುವ ಕೆಲಸವೇ ಇಲ್ಲ.

ಹಂತ 7: ಖಾತೆಯನ್ನು ಬಾಡಿಗೆಗೆ ಕೊಡಬೇಡಿ

ಕಾಲೇಜು ಓದುವ ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ. “ನಿನ್ನ ಹೆಸರಲ್ಲಿ ಖಾತೆ ತೆಗೆದು ಪಾಸ್‌ಬುಕ್, ಎಟಿಎಂ, ಸಿಮ್ ಕೊಡು, ಕಮಿಷನ್ ಕೊಡುತ್ತೇವೆ” ಎಂದು ಕೇಳುವವರಿದ್ದಾರೆ. ಇದಕ್ಕೆ ಮ್ಯೂಲ್ ಖಾತೆ ಎನ್ನುತ್ತಾರೆ. ಯಾರಿಂದಲೋ ದೋಚಿದ ರೊಕ್ಕ ಮೊದಲು ಬಂದು ಬೀಳುವುದು ಇಂಥ ಖಾತೆಗೇ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದೂ ಆ ಹೆಸರಿನ ಮನೆಗೇ. ಎರಡು ಸಾವಿರದ ಆಸೆಗೆ ಹುಡುಗರು ಕ್ರಿಮಿನಲ್ ಕೇಸಿಗೆ ಸಿಕ್ಕಿಹಾಕಿಕೊಳ್ಳುವುದು ಬೇಡ.

ಹಂತ 8: ರೊಕ್ಕ ಹೋಗಿಬಿಟ್ಟಿದ್ದರೆ

ಅಳುತ್ತಾ ಕೂರುವುದು, ಮನೆಯವರಿಗೆ ಹೇಗೆ ಹೇಳುವುದು ಎಂದು ಯೋಚಿಸುವುದು ಆಮೇಲೆ. ಮೊದಲ ಒಂದೆರಡು ಗಂಟೆ ಬಂಗಾರದಂಥದ್ದು. ಹೋದ ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತದೆ. ಎಟಿಎಂನಿಂದ ಹೊರಗೆ ಬರುವ ಮುಂಚೆ ತಡೆದರೆ ಮಾತ್ರ ಸಿಗುತ್ತದೆ.

1. 1930ಕ್ಕೆ ಹಚ್ಚಿ. ಲೈನ್ ಸಿಗದಿದ್ದರೆ ಮತ್ತೆ ಮತ್ತೆ ಹಚ್ಚಿ. ಅಷ್ಟರಲ್ಲಿ ಮನೆಯ ಇನ್ನೊಬ್ಬರು ಬೇರೆ ಫೋನಿನಿಂದ ಬ್ಯಾಂಕಿನ ಸಹಾಯವಾಣಿಗೆ ಹಚ್ಚಿ ಖಾತೆ, ಕಾರ್ಡ್, ಯುಪಿಐ ತಡೆಯಿಸಲಿ.

2. ಕೇಳುವ ವಿವರ ಕೈಯಲ್ಲಿರಲಿ: ನಿಮ್ಮ ಖಾತೆ ನಂಬರು, ಹೋದ ಮೊತ್ತ, ದಿನ, ಹೊತ್ತು, ಯುಟಿಆರ್ ನಂಬರು, ಮೋಸಗಾರರ ಫೋನ್ ನಂಬರು ಅಥವಾ ಯುಪಿಐ ಐಡಿ. ಯುಟಿಆರ್ ಎಂದರೆ ಪ್ರತಿ ವ್ಯವಹಾರಕ್ಕೆ ಇರುವ ಗುರುತಿನ ಸಂಖ್ಯೆ. ಯುಪಿಐನಲ್ಲಿ ಇದು 12 ಅಂಕಿ, ಆ್ಯಪಿನ ಹಿಸ್ಟರಿಯಲ್ಲಿ ಸಿಗುತ್ತದೆ.

3. ದೂರಿನ ಸಂಖ್ಯೆ ಮೆಸೇಜ್ ಆಗಿ ಬರುತ್ತದೆ. ಅದನ್ನು ಬರೆದಿಟ್ಟುಕೊಂಡು, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ಅವತ್ತೇ ಪೂರ್ತಿ ವಿವರ ತುಂಬಿ.

4. ಮೆಸೇಜ್, ಕರೆಯ ಪಟ್ಟಿ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ನಾಚಿಕೆಗೆ ಅಳಿಸುವವರೇ ಜಾಸ್ತಿ, ಆಮೇಲೆ ಸಾಕ್ಷಿ ಉಳಿಯುವುದಿಲ್ಲ.

5. ಬ್ಯಾಂಕ್ ಶಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಮುಂದೆ ಪುರಾವೆ ಸಿಗದು.

6. ಹತ್ತಿರದ ಠಾಣೆಗೆ ಅಥವಾ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ. ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆಂದೇ ಇರುವ ಠಾಣೆ ಅದು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಇದೆ.

ಐದನೆಯದಕ್ಕೆ ಸೀಲು ಯಾಕೆ ಎಂದು ಹೇಳುತ್ತೇನೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಲ್ಲಿ ದಿನಗಳ ಲೆಕ್ಕ ಇದೆ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಬೇರೆ ಯಾರೋ ರೊಕ್ಕ ತೆಗೆದಿದ್ದು, ಬ್ಯಾಂಕಿನ ಮಾಹಿತಿ ಸಿಕ್ಕ ಮೂರು ಕೆಲಸದ ದಿನದೊಳಗೆ ನೀವು ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ನಾಲ್ಕರಿಂದ ಏಳು ದಿನ ಆದರೆ ನಿಮ್ಮ ಪಾಲಿಗೆ ಒಂದು ಮಿತಿ ಇದೆ. ಸಾದಾ ಉಳಿತಾಯ ಖಾತೆಗೆ ಅದು 10,000 ರೂಪಾಯಿ. ನೀವೇ ಒಟಿಪಿ, ಪಿನ್ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ತಿಳಿಸಿದ ಮೇಲೂ ರೊಕ್ಕ ಹೋದರೆ ಅದು ಬ್ಯಾಂಕಿನದು. ಹಾಗಾಗಿ ತಪ್ಪು ನಿಮ್ಮಿಂದಲೇ ಆಗಿದ್ದರೂ ಕೂಡಲೇ ತಿಳಿಸುವುದರಿಂದ ಲಾಭ ಇದೆ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಇದಕ್ಕೆ ಶುಲ್ಕ ಇಲ್ಲ. ವಿಚಾರಿಸಲು 14448.

ಮನೆಯವರಿಗೂ ಒಂದು ವಿನಂತಿ. ಅವ್ವನೋ ಅಪ್ಪನೋ ಬಂದು “ಹಿಂಗಾಯಿತು” ಎಂದಾಗ ಬೈಯಬೇಡಿ. ಬೈಗುಳದ ಹೆದರಿಕೆಗೆ ಎರಡು ದಿನ ಮುಚ್ಚಿಟ್ಟರೆ, ತಡೆಯಬಹುದಾಗಿದ್ದ ರೊಕ್ಕವೂ ಹೋಗುತ್ತದೆ.

ದೂರು ಕೊಟ್ಟ ಮೇಲೆ ಕಾಯಬೇಕಾಗುತ್ತದೆ. ಬೇರೆ ಖಾತೆಯಲ್ಲಿ ತಡೆದಿಟ್ಟ ರೊಕ್ಕ ನಿಮ್ಮ ಕೈಗೆ ಬರಲು ಕೋರ್ಟಿನ ಆದೇಶ ಬೇಕಾಗಬಹುದು. ಎಷ್ಟು ತಡೆಹಿಡಿದಿದ್ದಾರೆ, ಅರ್ಜಿ ಹೇಗೆ ಎಂದು ಠಾಣೆಯಲ್ಲಿ ಕೇಳಿ. ಈ ಕಾಯುವ ದಿನಗಳಲ್ಲೇ ಇನ್ನೊಂದು ಕರೆ ಬರಬಹುದು. “ನಾವು ಸೈಬರ್ ಸೆಲ್‌ನವರು, ನಿಮ್ಮ ರೊಕ್ಕ ಸಿಕ್ಕಿದೆ, ಬಿಡಿಸಲು ಶುಲ್ಕ ಕಟ್ಟಿ” ಎಂದೋ, “ನಾವು ವಕೀಲರು, ವಾಪಸ್ ಕೊಡಿಸುತ್ತೇವೆ” ಎಂದೋ. ಕಳೆದುಕೊಂಡವರ ನಂಬರುಗಳು ಮೋಸಗಾರರ ನಡುವೆ ಕೈ ಬದಲಾಗುತ್ತವೆ. ಅದನ್ನೂ ಕಟ್ ಮಾಡಿ. ದೂರಿನ ಸಂಖ್ಯೆ ಹಾಕಿ ಪೋರ್ಟಲ್‌ನಲ್ಲಿ ಸ್ಥಿತಿ ನೋಡಿ, ಇಲ್ಲವೇ ಚೀಟಿ ಹಿಡಿದು ಠಾಣೆಗೆ ಹೋಗಿ, ನಿಮ್ಮ ಕೇಸು ನೋಡುತ್ತಿರುವವರನ್ನೇ ಕೇಳಿ.